ಬಂಡೆಯ ಹಿಂದಿನ ಸಿಗ್ನಲ್

ನನ್ನ ಭಾವನ ಮೂಗಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಅದು ಒಂದೇ ಒಂದು ಸಲ ಕೆಲಸಕ್ಕೆ ಬರಬೇಕಿತ್ತು. ಬರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಟೆಲಿಫೋನ್ ಆಫೀಸಿನಲ್ಲಿ ಕೇಬಲ್ ದುರಸ್ತಿಯ ಮೇಸ್ತ್ರಿ. ರಸ್ತೆ ಬದಿಯಲ್ಲಿ ಗುಂಡಿ ತೋಡಿಸಿ, ಸುತ್ತ ಕೋಲು ನೆಟ್ಟು ಟಾರ್ಪಾಲು ಕಟ್ಟಿಸಿ, ಎದುರಿಗೆ ‘ಕೆಲಸ ನಡೆಯುತ್ತಿದೆ, ಸಹಕರಿಸಿ’ ಎಂಬ ಬೋರ್ಡು ನಿಲ್ಲಿಸಿ ಒಳಗಿಳಿದರೆಂದರೆ, ದಾರಿಹೋಕರು ಎಷ್ಟು ಬೈದರೂ ಮೇಲೆ ಬರುವವರಲ್ಲ. ಅವರ ಸಾಹೇಬರು ಬಂದರೆ ಮಾತ್ರ ಅರ್ಧ ಕೆಲಸ ಬಿಟ್ಟು, ಕೆಸರು ಕೈಯಲ್ಲೇ ಸಲಾಮು ಹೊಡೆದು ನಿಲ್ಲುತ್ತಾರೆ. ಗುಂಡಿಯೊಳಗೆ ಅವರು ಮೊದಲು ಮಾಡುವುದು ಕೇಬಲ್ಲನ್ನು ಮೂಸುವುದು. ನೀರು ಹೊಕ್ಕ ಕೇಬಲ್ಲಿಗೆ ಒಂದು ವಾಸನೆ, ಸುಟ್ಟಿದ್ದಕ್ಕೆ ಇನ್ನೊಂದು, ಇಲಿ ಕಡಿದದ್ದಕ್ಕೆ ಮತ್ತೊಂದು ಎಂದು ಅವರ ವಾದ. ಆಫೀಸಿನವರು ತಮಾಷೆಗೆ ‘ಮೂಗು ಮೇಸ್ತ್ರಿ’ ಎಂದರು. ಭಾವ ಅದನ್ನು ಬಿರುದೆಂದು ತಿಳಿದು ಎದೆಯುಬ್ಬಿಸಿಕೊಂಡು ಓಡಾಡಿದರು.

ಮೊಬೈಲು ಬಂದ ಮೇಲೆ ಆ ಮೂಗಿಗೆ ಬಡ್ತಿ ಸಿಕ್ಕಿತು. ಈಗ ಅವರು ಸಿಗ್ನಲ್ಲನ್ನೂ ಮೂಸುತ್ತಾರೆ. ಮೇಲಿನ ಮನೆಯವರು ಫೋನು ಹಿಡಿದು ಬಂದರೆ, ಭಾವ ಅವರ ನಡುಮನೆಯಲ್ಲಿ ನಿಂತು, ಕಣ್ಣು ಮುಚ್ಚಿ, ಗಾಳಿ ಎಳೆದು, “ಕಪಾಟಿನ ಮೇಲೆ, ಎಡಗಡೆ ಮೂಲೆ” ಎಂದು ತೀರ್ಪು ಕೊಡುತ್ತಾರೆ. ಆ ಮನೆಯ ಯಜಮಾನರು ಇವತ್ತಿಗೂ ಸ್ಟೂಲು ಹತ್ತಿ, ಕಪಾಟಿನ ಮೇಲೆ ತಲೆಯಿಟ್ಟು ಮಾತಾಡುತ್ತಾರೆ. ಕಿಟಕಿಯ ಹತ್ತಿರ ನಿಂತರೆ ಇನ್ನೂ ಚೆನ್ನಾಗಿ ಕೇಳುತ್ತದೆಂದು ಅವರ ಹೆಂಡತಿಗೆ ಗೊತ್ತು. ಆದರೆ ಗಂಡ ಸ್ಟೂಲಿನ ಮೇಲಿರುವಷ್ಟು ಹೊತ್ತು ಮನೆಯಲ್ಲಿ ನೆಮ್ಮದಿ ಎಂದು ಸುಮ್ಮನಿದ್ದಾರೆ.

ಭಾವನಿಗೆ ಇದ್ದ ಇನ್ನೊಂದು ದೃಢವಾದ ನಂಬಿಕೆ, ಅಕ್ಕನಿಗೆ ಎತ್ತರ ಆಗಿಬರುವುದಿಲ್ಲ ಎನ್ನುವುದು. ಮದುವೆಯಾದಾಗಿನಿಂದ ಯಾವ ಬೆಟ್ಟಕ್ಕೆ ಹೋದರೂ ಅಕ್ಕ ಅರ್ಧ ದಾರಿಯಲ್ಲಿ ತಲೆ ಹಿಡಿದುಕೊಂಡು ಕೂರುತ್ತಿದ್ದಳು. ಭಾವ ಅವಳನ್ನು ಕೆಳಗೆ ಕಳಿಸಿ ತಾವು ಮೇಲೆ ಹೋಗಿ ಫೋಟೊ ತೆಗೆಸಿಕೊಂಡು ಬರುತ್ತಿದ್ದರು. “ಪಾಪ, ಅವಳ ಮೈಗೇ ಎತ್ತರ ಒಗ್ಗಲ್ಲ” ಎಂದು ನಮ್ಮ ಬಳಗದಲ್ಲೆಲ್ಲ ಡಂಗುರ ಸಾರಿದ್ದರು. ಇದೇ ಅಕ್ಕ ಏಣಿ ಹತ್ತಿ ಅಟ್ಟದ ಧೂಳು ಹೊಡೆಯುವಾಗ ಕೆಳಗೆ ಏಣಿ ಹಿಡಿದುಕೊಳ್ಳುವವರು ಇದೇ ಭಾವ.

ನಿಜ ಏನೆಂದರೆ, ಹೊರಗೆ ಹೊರಡುವುದೆಂದರೆ ಅಕ್ಕ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನೇ ಬಿಡುತ್ತಿದ್ದಳು. ಕುಡಿದರೆ ಹೋಗಬೇಕು, ಹೋಗಲು ಜಾಗ ಇರುವುದಿಲ್ಲ. ಗಂಡಸರಿಗೇನು, ಒಂದು ಮರ ಸಾಕು. ಮರ ಇಲ್ಲದಿದ್ದರೆ ಒಂದು ದಿಕ್ಕು ಸಾಕು. ಹೆಂಗಸರು ಗಂಟಲು ಒಣಗಿಸಿಕೊಂಡು, ತುಟಿ ಸವರಿಕೊಂಡು, ‘ಪ್ರಕೃತಿ ಎಷ್ಟು ಸುಂದರ’ ಎನ್ನುತ್ತ ನಡೆಯಬೇಕು. ಬಿಸಿಲಲ್ಲಿ ಹಾಗೆ ನಡೆದರೆ ತಲೆ ತಿರುಗದೆ ಇನ್ನೇನಾಗುತ್ತದೆ?

ಕಳೆದ ವರ್ಷ ಅಕ್ಕನಿಗೆ ಉರಿಮೂತ್ರ ಹಿಡಿದು ಚಳಿಜ್ವರ ಬಂತು. ಡಾಕ್ಟರಮ್ಮ “ನೀರು ಕುಡೀತೀರಾ?” ಎಂದು ಕೇಳಿದರು. “ನಮ್ಮನೇಲಿ ನೀರಿಗೇನು ಬರ ಡಾಕ್ಟ್ರೇ?” ಎಂದು ಭಾವ ಉತ್ತರಿಸಿದರು. ಆಕೆ ಕನ್ನಡಕದ ಮೇಲಿಂದ ನೋಡಿ, “ಜ್ವರ ನಿಮಗೆ ಬಂದಿದೆಯಾ?” ಎಂದರು. ಆಮೇಲೆ ಅಕ್ಕನಿಗೆ, “ಇನ್ನೊಂದು ಸಲ ತಡ್ಕೊಂಡು ತಡ್ಕೊಂಡು ಹೀಗೆ ಬಂದ್ರೆ ಮೂತ್ರಪಿಂಡಕ್ಕೇ ಕುತ್ತು. ಆಗ ನನ್ನ ಹತ್ರ ಬರಬೇಡಿ” ಎಂದು ಗದರಿದರು. ಭಾವ ಆಗ ಗೋಡೆಯ ಮೇಲಿದ್ದ ಟೆಲಿಫೋನ್ ವೈರನ್ನು ಯಾವ ಅವಿವೇಕಿ ಎಳೆದಿದ್ದಾನೆ ಎಂದು ನೋಡುತ್ತಿದ್ದರು.

ಹೀಗಿರುವಾಗ ಆಫೀಸಿನವರು ಕುಟುಂಬ ಸಮೇತ ಬೆಟ್ಟಕ್ಕೆ ಹೋಗಿ, ಡೇರೆಯಲ್ಲಿ ಉಳಿದು, ಮರುದಿನ ತುದಿಗೆ ಹತ್ತಿ ಸೂರ್ಯೋದಯ ನೋಡುವುದೆಂದು ಸಾಹೇಬರು ತೀರ್ಮಾನಿಸಿದರು. ಭಾವ ಮನೆಗೆ ಬಂದು, “ನೀನು ಆರಾಮಾಗಿ ಮನೇಲಿರು. ನಾನು ಸೂರ್ಯನ್ನ ಫೋಟೊದಲ್ಲಿ ತಂದು ತೋರಿಸ್ತೀನಿ” ಎಂದರು.

ಅಕ್ಕ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. “ನಾನೂ ಬರ್ತೀನಿ. ಈ ಸಲ ತುದಿ ತನಕ ಹತ್ತೋಳೇ. ಸೂರ್ಯನ್ನ ನಾನೇ ನೋಡ್ಕೋತೀನಿ.”

ಅಂದೇ ನನಗೆ ಬುಲಾವ್ ಬಂತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್. ವರ್ಷವರ್ಷ ಹುಡುಗಿಯರ ದಂಡು ಕಟ್ಟಿಕೊಂಡು ಬೆಟ್ಟ ಹತ್ತಿಸುವವಳು. ಬಯಲಲ್ಲಿ ಕೂರುವ ವಿದ್ಯೆಯಲ್ಲಿ ನನಗೆ ಗುರುವಿಲ್ಲ, ಆದರೆ ಶಿಷ್ಯೆಯರು ಸಾಕಷ್ಟು. ಅಕ್ಕನಿಗೆ ನಡುಮನೆಯಲ್ಲೇ ಪಾಠ ಶುರು ಮಾಡಿದೆ. ಪ್ಯಾಂಟು ಬೇಡ, ಘೇರಿನ ಲಂಗ ಹಾಕು. ಗಾಳಿ ಬೆನ್ನಿಗಿರಲಿ. ಇಳಿಜಾರಾದರೆ ಮುಖ ಕೆಳಗೆ ಮಾಡಿ, ಕಾಲು ಅಗಲಿಸಿ ಕೂರು, ಹರಿಯುವುದು ತನ್ನ ದಾರಿ ತಾನು ಹಿಡಿಯುತ್ತದೆ. ಮೆತ್ತನೆ ಮಣ್ಣು ಹುಡುಕು, ಕಲ್ಲಿನ ಮೇಲೆ ಕೂತರೆ ಸಿಡಿಯುತ್ತದೆ. ಒರೆಸಿದ ಕಾಗದ ಅಲ್ಲೇ ಬಿಸಾಡಬೇಡ, ಚೀಲದಲ್ಲಿ ಕಟ್ಟಿ ವಾಪಸು ತಾ. ಎಲ್ಲಕ್ಕಿಂತ ಮುಖ್ಯ, ಜೊತೆಗೊಬ್ಬಳು ಇರಬೇಕು, ಮರೆಗೊಂದು ಬಟ್ಟೆ ಇರಬೇಕು. ಅಕ್ಕ ದೊಡ್ಡ ನೀಲಿ ಹೂಗಳಿದ್ದ ತನ್ನ ಹಳೆಯ ಡಬಲ್ ಬೆಡ್‌ಶೀಟು ತೆಗೆದಳು.

ನಾನು ಬೆಡ್‌ಶೀಟು ಹಿಡಿದು ನಿಂತು, ಅಕ್ಕ ಹಿಂದೆ ಕುಕ್ಕರಗಾಲಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಾಗ ಭಾವ ಒಳಗೆ ಬಂದರು.

“ಏನಿದು?”

“ವ್ಯಾಯಾಮ ಭಾವ. ಬೆಟ್ಟ ಹತ್ತೋಕೆ ಮೊಣಕಾಲು ಗಟ್ಟಿಯಾಗ್ಬೇಕಲ್ಲ.”

“ಹಾಗಾ! ಮೊದಲೇ ಹೇಳ್ಬಾರದಾ?” ಎಂದು ಭಾವ ತಾವೂ ಕುಕ್ಕರಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ, ರಸ್ತೆಗೆ ಕಾಣುವ ಬಾಲ್ಕನಿಯಲ್ಲಿ, ಬನಿಯನ್ನು ಹಾಕಿಕೊಂಡು ಹೆಂಗಸರ ಭಂಗಿಯಲ್ಲಿ ಕೂರತೊಡಗಿದರು. ಮೇಲಿನ ಮನೆಯ ಯಜಮಾನರೂ ನೋಡಿ ಶುರು ಮಾಡಿದರು. ಮೇಲೊಬ್ಬರು ಕೆಳಗೊಬ್ಬರು ಹಾಗೆ ಕೂತು ರಾಜಕೀಯ ಮಾತಾಡುತ್ತಿದ್ದರೆ, ಅಕ್ಕನೂ ನಾನೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ನಗುತ್ತಿದ್ದೆವು.

ಹೊರಡುವ ದಿನ ಬಂತು. ಗಂಡಸರ ಗುಂಪಿನಲ್ಲಿ ಭಾವ, ಸಾಹೇಬರು, ನಾಲ್ಕೈದು ಮಂದಿ ಲೈನ್‌ಮನ್‌ಗಳು. ಹೆಂಗಸರೆಂದರೆ ಅಕ್ಕ, ನಾನು, ಆಫೀಸಿನ ಲೆಕ್ಕಪತ್ರ ನೋಡುವ ಮೇಡಂ, ಮತ್ತೆ ಸಾಹೇಬರ ತಾಯಿ. ಈ ಅಜ್ಜಿ, ಸಾಹೇಬರು ಬೇಡವೆಂದರೂ ಕೇಳದೆ, ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ ನಡೆದರು. ದಾರಿ ತೋರಿಸಲು ಒಬ್ಬ ಗೈಡು.

ನಡೆಯುತ್ತ ನಡೆಯುತ್ತ ಹೆಂಗಸರಲ್ಲಿ ಒಳಗುಟ್ಟುಗಳು ಬಿಚ್ಚಿಕೊಂಡವು. ಲೆಕ್ಕದ ಮೇಡಂ ನಿನ್ನೆಯಿಂದ ಬರೀ ಒಣ ಬ್ರೆಡ್ಡು ತಿಂದಿದ್ದರು. “ಏನ್ ಮಾಡ್ಲಿ, ಇವರ ಮುಂದೆ ಎದ್ದು ಹೋಗೋದಾದ್ರೂ ಹೇಗೆ?” ಎಂದರು. ಅಜ್ಜಿ ಹಿಂತಿರುಗಿ, “ನಮ್ಮ ಕಾಲದಲ್ಲಿ ಇದಕ್ಕೆಲ್ಲ ಇಷ್ಟು ಯೋಚನೆ ಇರ್ಲಿಲ್ಲಮ್ಮ. ಲಂಗ ಅಗಲ ಇತ್ತು, ಲೋಕಕ್ಕೆ ಮಾನ ಇತ್ತು. ನಾವು ಕೂತ್ರೆ ಅದೇ ಮುಖ ತಿರುಗಿಸ್ತಿತ್ತು” ಎಂದರು. ಅಕ್ಕ ಎಲ್ಲರೆದುರು ಬಾಟಲಿ ತೆಗೆದು ನೀರು ಕುಡಿದಳು. ಬಿಸಿಲಲ್ಲಿ ಅವಳು ನೀರು ಕುಡಿದದ್ದನ್ನು ನಾನು ಆವತ್ತೇ ನೋಡಿದ್ದು. ಅರ್ಧ ದಾರಿ ದಾಟಿತು, ತಲೆ ತಿರುಗಲಿಲ್ಲ. ಭಾವ ಮಾತ್ರ ಆಗಾಗ ಹಿಂದೆ ನೋಡಿ, “ತಲೆ ಸುತ್ತುತ್ತಾ? ಇನ್ನೂ ಇಲ್ವಾ?” ಎಂದು ಕೇಳುತ್ತ, ಇಲ್ಲವೆಂದಾಗ ಸ್ವಲ್ಪ ನಿರಾಶರಾಗಿ ಮುಂದೆ ಹೋಗುತ್ತಿದ್ದರು.

ಬೀಡು ಬಿಟ್ಟ ಜಾಗ ಬೋಳು ಹುಲ್ಲುಗಾವಲು. ಒಂದು ಕಡೆ ಪ್ರಪಾತ. ಇನ್ನೊಂದು ಕಡೆ ತೊರೆ. “ತೊರೆ ಹತ್ರ ಯಾರೂ ಗಲೀಜು ಮಾಡ್ಬೇಡಿ, ಕುಡಿಯೋ ನೀರು” ಎಂದು ಗೈಡು ಎಚ್ಚರಿಸಿದ್ದ. ಮೂರನೆಯ ಕಡೆ ಅವನ ಒಲೆ, ಗಂಡಸರ ಡೇರೆಗಳು. ಉಳಿದ ಒಂದು ಕಡೆ, ತುಸು ದೂರದಲ್ಲಿ, ಲಾರಿಯಷ್ಟು ದೊಡ್ಡ ಬಂಡೆ. ಅದರ ಹಿಂದೆ ಪೊದೆ, ಮೆತ್ತನೆ ಮಣ್ಣು, ಸಣ್ಣ ಇಳಿಜಾರು. ನಾನು ಹೋಗಿ ಪರೀಕ್ಷಿಸಿ ಬಂದು, “ಅರಮನೆ ಸಿಕ್ಕಿತು” ಎಂದೆ.

ಇಬ್ಬಿಬ್ಬರಾಗಿ ಹೋಗುವುದೆಂದು ನಿಯಮ ಮಾಡಿದೆವು. ಒಬ್ಬಳು ಹಿಂದೆ ಹೋದರೆ ಇನ್ನೊಬ್ಬಳು ಬಂಡೆಯ ಮೂಲೆಯಲ್ಲಿ ಕಾವಲು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ಕಾವಲಿನವಳು ಕೈಯಲ್ಲಿ ಫೋನು ಹಿಡಿದು ನೋಡುತ್ತಿರಬೇಕು. ಮೊದಲು ಅಜ್ಜಿ ಹೋದರು. ಆಮೇಲೆ ಲೆಕ್ಕದ ಮೇಡಂ. ಹೋಗುವಾಗ ಹುಳ್ಳಗಿದ್ದ ಅವರ ಮುಖ ಬರುವಾಗ ಹೂವಿನಂತಾಗಿತ್ತು. ಬಂದವರೇ ಎರಡು ಲೋಟ ನೀರು ಕುಡಿದು, ಹಾಡು ಗುನುಗಿದರು. ಅಕ್ಕ ಹೋಗಿ ಬಂದು ನನ್ನ ಕೈ ಹಿಡಿದು, “ಇಷ್ಟೇನಾ ಕಣೇ? ಇಷ್ಟಕ್ಕೆ ನಾನು ಇಷ್ಟು ವರ್ಷ ಒಣಗಿದ್ನಾ?” ಎಂದಳು. ಅವಳ ಕಣ್ಣು ತುಂಬಿತ್ತು.

ಇದನ್ನೆಲ್ಲ ದೂರದಿಂದ ಭಾವ ಗಮನಿಸುತ್ತಿದ್ದರು.

ಆ ಬೆಟ್ಟದ ಮೇಲೆ ಯಾರ ಫೋನಿಗೂ ಸಿಗ್ನಲ್ ಇರಲಿಲ್ಲ. ಟೆಲಿಫೋನ್ ಆಫೀಸಿನವರೇ ಫೋನಿಲ್ಲದೆ ಒದ್ದಾಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಒದ್ದಾಡುತ್ತಿದ್ದವರು ಸಾಹೇಬರು. ಹೆಡ್ ಆಫೀಸಿಗೆ ಅವರ ಬಡ್ತಿಯಾಗುವುದೋ ಇಲ್ಲವೋ ಎಂದು ಅಂದು ಸಂಜೆಯೊಳಗೆ ಫೋನು ಬರಬೇಕಿತ್ತು. ಅವರು ಡೇರೆಯಿಂದ ಡೇರೆಗೆ ಫೋನೆತ್ತಿಕೊಂಡು ಸುತ್ತುತ್ತಿದ್ದಾಗ ಭಾವ ಹತ್ತಿರ ಹೋಗಿ ದನಿ ತಗ್ಗಿಸಿದರು.

“ಸಾರ್, ಸಿಗ್ನಲ್ ಇದೆ.”

“ಎಲ್ಲಯ್ಯಾ?”

“ಆ ಬಂಡೆ ಹಿಂದೆ. ನಾನು ಆಗ್ಲಿಂದ ನೋಡ್ತಿದೀನಿ. ಹೆಂಗಸರು ಇಬ್ಬಿಬ್ಬರಾಗಿ ಫೋನ್ ಹಿಡ್ಕೊಂಡು ಹೋಗ್ತಾರೆ. ಒಬ್ಬರು ಕಾಯ್ತಾರೆ, ಒಬ್ಬರು ಒಳಗೆ. ಬರುವಾಗ ಮುಖ ನೋಡ್ಬೇಕು ನೀವು! ಲೆಕ್ಕದ ಮೇಡಂ ಮನೆಯೋರ ಹತ್ರ ಮಾತಾಡಿರ್ಬೇಕು, ಹಾಡು ಹೇಳ್ತಿದಾರೆ. ನಮಗೆ ಹೇಳಿದ್ರೆ ಎಲ್ಲಿ ಜಾಗ ಹೋಗುತ್ತೋ ಅಂತ ಮುಚ್ಚಿಟ್ಟಿದಾರೆ ಸಾರ್.” ಭಾವ ಬಂಡೆಯ ಕಡೆ ಮುಖ ಮಾಡಿ ಉದ್ದಕ್ಕೆ ಉಸಿರೆಳೆದರು. “ನನ್ನ ಮೂಗು ಸುಳ್ಳು ಹೇಳಲ್ಲ. ಆ ಕಡೆಯಿಂದ ಏನೋ ಬರ್ತಾ ಇದೆ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಸಾಹೇಬರು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಡಚುವ ಕುರ್ಚಿ, ಚಾಪೆ, ಕುರುಕಲು ತಿಂಡಿಯ ಡಬ್ಬ ಸಮೇತ ಇಡೀ ಗಂಡಸರ ಪಡೆ ಬಂಡೆಯ ಹಿಂದೆ ಹೋಗಿ ಬೇರೂರಿತು. ಡೇರೆಯ ಕಂಬಕ್ಕೆ ಫೋನು ಕಟ್ಟಿ ಎತ್ತಿದರು. ಒಬ್ಬ ಲೈನ್‌ಮನ್ನು ಬಂಡೆ ಏರಿದ. ಇನ್ನೊಬ್ಬ, “ಮೇಸ್ತ್ರಿ, ಇಲ್ಲಿ ನೆಲ ಯಾಕೋ ಒದ್ದೆ ಇದೆ” ಎಂದ.

ಮೂಗು ಕೆಲಸಕ್ಕೆ ಬರಬೇಕಾಗಿದ್ದ ಗಳಿಗೆ ಇದೇ. ಆದರೆ ಭಾವನ ಬುದ್ಧಿ ಮೂಗಿಗಿಂತ ಮುಂದೆ ಓಡಿತ್ತು. “ಅದಕ್ಕೇ ಕಣಯ್ಯಾ ಸಿಗ್ನಲ್ ಇರೋದು! ನೆಲದಲ್ಲಿ ತೇವ ಇದ್ರೆ ಅರ್ಥಿಂಗ್ ಚೆನ್ನಾಗಿರುತ್ತೆ. ಸಾರ್, ನೀವು ಬೂಟು ಕಳಚಿ ಇಲ್ಲೇ ಈ ಒದ್ದೆ ಜಾಗದಲ್ಲಿ ನಿಂತ್ಕೊಳ್ಳಿ. ಕಾಲು ಸ್ವಲ್ಪ ಊರಿ. ಹಾಂ, ಹಾಗೆ.”

ಸಾಹೇಬರು ಬರಿಗಾಲಲ್ಲಿ ಊರಿ ನಿಂತರು.

ಈ ಕಡೆ ನಮ್ಮ ಪಾಡು ಕೇಳಬೇಡಿ. ಗೈಡು ಚಹಾ ತಂದ, ಯಾರೂ ಮುಟ್ಟಲಿಲ್ಲ. ಲೆಕ್ಕದ ಮೇಡಂ ಹಾಡು ನಿಲ್ಲಿಸಿ, ಕಾಲ ಮೇಲೆ ಕಾಲು ಹಾಕಿ, ಬಂಡೆಯನ್ನೇ ನೋಡುತ್ತ ಕೂತರು. ಅಜ್ಜಿ, “ನನ್ನ ಮಗನಿಗೆ ಬುದ್ಧಿ ಇಲ್ಲ ಅಂತ ಗೊತ್ತಿತ್ತು. ಆದ್ರೆ ಇಷ್ಟೊಂದು ಇಲ್ಲ ಅಂತ ಗೊತ್ತಿರ್ಲಿಲ್ಲ” ಎಂದರು. ಅಕ್ಕ ಸದ್ದಿಲ್ಲದೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಚೀಲದೊಳಗಿಟ್ಟಳು. “ನಾಳೆ ನಾನು ಮೇಲೆ ಬರಲ್ಲ ಕಣೇ. ನೀವೆಲ್ಲ ಹೋಗ್ಬನ್ನಿ.” ನನಗೆ ಮೈಯೆಲ್ಲ ಉರಿದುಹೋಯಿತು.

ಬೆಕ್ಕಿಗೆ ಗಂಟೆ ಕಟ್ಟಲು ನಾನೇ ಹೋದೆ. ಭಾವನನ್ನು ಪಕ್ಕಕ್ಕೆ ಕರೆದು, ಎಲ್ಲ ಗಂಡಸರ ಕಿವಿ ಇತ್ತಲೇ ಇದ್ದುದರಿಂದ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಹಾಗೆ ಹೇಳಿದೆ.

“ಭಾವ, ಹೆಂಗಸರಿಗೆ ಈ ಜಾಗ ಬೇಕು. ಅರ್ಜೆಂಟು.”

“ಗೊತ್ತು, ಗೊತ್ತು. ನಿಮಗೂ ಮನೆ ಕಡೆ ಚಿಂತೆ ಇರಲ್ವಾ? ನಾನೇನು ಅಷ್ಟೂ ತಿಳೀದವನಾ? ಸರದಿ ಹಾಕ್ತೀನಿ. ಒಬ್ಬೊಬ್ರಿಗೆ ಎರಡೆರಡು ನಿಮಿಷ.”

“ಗಂಡಸರೆಲ್ಲ ಆ ಕಡೆ ಹೋಗ್ಬೇಕು.”

“ಅದ್ಹೇಗಾಗುತ್ತೆ? ನಾವು ಕಂಬ ಎತ್ತಿ ಹಿಡೀದೆ ನಿಮಗೆ ಬರೋದಾದ್ರೂ ಹೇಗೆ? ಸಂಕೋಚ ಬೇಡಮ್ಮ, ನಾವೆಲ್ಲ ಸುತ್ತ ನಿಂತು ಸಹಾಯ ಮಾಡ್ತೀವಿ.”

ನಾನು ತಲೆ ಚಚ್ಚಿಕೊಂಡು ವಾಪಸು ಬಂದೆ. ಭಾವ ಹಿಂದೆಯೇ ಬಂದರು. ಅಕ್ಕನ ಮುಖ ನೋಡಿ, ಎಲ್ಲರಿಗೂ ಕೇಳುವಂತೆ, “ನೋಡಿದ್ರಾ, ಬಾಡಿಹೋಗಿದಾಳೆ! ನಾನು ಹೇಳ್ಲಿಲ್ವಾ? ಇವಳ ಮೈಗೆ ಎತ್ತರ ಒಗ್ಗಲ್ಲ. ನಾಳೆ ಇವಳು ಇಲ್ಲೇ ಇರ್ಲಿ, ನಾನು ಫೋಟೊ ತಂದು ತೋರಿಸ್ತೀನಿ” ಎಂದು ಹೇಳಿ, ಕನಿಕರದಿಂದ ತಲೆಯಾಡಿಸಿ, ಮತ್ತೆ ಬಂಡೆಗೆ ಹೊರಟುಹೋದರು.

ಅಕ್ಕ ಚೀಲದಿಂದ ಬಾಟಲಿ ತೆಗೆದಳು. ಮುಚ್ಚಳ ತೆಗೆದು, ತಲೆಯೆತ್ತಿ, ಗಟಗಟನೆ ತಳ ಕಾಣುವವರೆಗೆ ಕುಡಿದಳು. ತಣ್ಣಗಾಗಿದ್ದ ಚಹಾವನ್ನೂ ಕುಡಿದಳು. ನನ್ನ ಚಹಾವನ್ನೂ ಎತ್ತಿ ಕುಡಿದಳು. ಬಾಯಿ ಒರೆಸಿಕೊಂಡು, ನೀಲಿ ಹೂವಿನ ಬೆಡ್‌ಶೀಟು ಹೆಗಲಿಗೆ ಹಾಕಿಕೊಂಡು ಬಂಡೆಯ ಕಡೆ ನಡೆದಳು. ಅಜ್ಜಿ, ಮೇಡಂ, ನಾನು ಹಿಂದೆ ಓಡಿದೆವು.

ಬಂಡೆಯ ಹಿಂದೆ ಸಾಹೇಬರು ಅದೇ ಅರ್ಥಿಂಗಿನಲ್ಲಿ ನಿಂತಿದ್ದರು. ಅಕ್ಕ ನೇರ ಹೋಗಿ ಬೆಡ್‌ಶೀಟು ಬಿಚ್ಚಿ, “ರೀ, ಈ ತುದಿ ಹಿಡೀರಿ” ಎಂದಳು.

ಭಾವನ ಮುಖ ಅರಳಿತು. “ನೋಡಿದ್ರಾ ಸಾರ್? ನಮ್ಮನೆಯವಳಿಗೂ ತಲೆ ಓಡುತ್ತೆ! ದೊಡ್ಡ ಬಟ್ಟೆ ಅಡ್ಡ ಹಿಡಿದ್ರೆ ಗಾಳೀಲಿ ಹೋಗೋ ಸಿಗ್ನಲ್ ತಡೆದು ನಿಲ್ಲುತ್ತೆ.”

“ಹೌದಲ್ಲಯ್ಯಾ!” ಎಂದು ಸಾಹೇಬರು ತಾವೇ ಇನ್ನೊಂದು ತುದಿ ಹಿಡಿದರು.

“ಮೇಲೆ. ಇನ್ನೂ ಮೇಲೆ” ಎಂದಳು ಅಕ್ಕ. “ಈಗ ಎಲ್ಲರೂ ಆ ಕಡೆ ಮುಖ ಮಾಡಿ.”

“ಯಾಕಮ್ಮಾ?”

“ಟವರು ಆ ಕಡೆನೇ ಇರೋದು ಸಾರ್” ಎಂದರು ಭಾವ. ಬಂಡೆಯ ಮೇಲಿದ್ದವನು ಇಳಿದು ಬಂದ. ಸಾಹೇಬರಿಂದ ಹಿಡಿದು ಲೈನ್‌ಮನ್‌ಗಳವರೆಗೆ ಎಲ್ಲರೂ ಇಳಿಜಾರಿನ ಕಡೆ ಮುಖ ಮಾಡಿ, ಪೆರೇಡಿನಲ್ಲಿ ನಿಂತವರಂತೆ ನಿಂತರು. ಅಕ್ಕ ಬೆಡ್‌ಶೀಟಿನ ಹಿಂದೆ ಹೋದಳು.

ಅದೇ ಹೊತ್ತಿಗೆ ಸಾಹೇಬರ ಫೋನು ಹೊಡೆದುಕೊಂಡಿತು.

ಭಗವಂತನಿಗೂ ಹಾಸ್ಯಪ್ರಜ್ಞೆ ಇದೆಯೆಂದು ನಾನು ನಂಬುವುದು ಈ ಕಾರಣಕ್ಕೆ. ಹೆಡ್ ಆಫೀಸಿನ ದೊಡ್ಡ ಸಾಹೇಬರದೇ ಫೋನು! ಲೈನ್‌ಮನ್‌ಗಳು “ಬಂತು, ಬಂತು” ಎಂದು ಕೂಗಿದರು. ಸಾಹೇಬರ ಒಂದು ಕೈಯಲ್ಲಿ ಬೆಡ್‌ಶೀಟು, ಇನ್ನೊಂದರಲ್ಲಿ ಫೋನು. ಭಾವ ಮುಂದೆ ಬಾಗಿ, ಎಲ್ಲರೂ ಸಿಹಿಸುದ್ದಿ ಕೇಳಲೆಂದು ಸ್ಪೀಕರು ಒತ್ತಿದರು.

“ನಮಸ್ಕಾರ ಸರ್. ಹೇಳಿ ಸರ್.”

ಬೆಡ್‌ಶೀಟಿನ ಹಿಂದೆ ಸದ್ದು ಶುರುವಾಯಿತು. ಒಂದು ಬಾಟಲಿ ನೀರು, ಎರಡು ಲೋಟ ಚಹಾ, ಮತ್ತು ನನ್ನ ಲೆಕ್ಕದಲ್ಲಿ ಮದುವೆಯಾದಂದಿನಿಂದ ತಡೆದುಕೊಂಡದ್ದೆಲ್ಲ.

“ಅದೇನ್ರೀ ಸದ್ದು? ಅಲ್ಲಿ ಮಳೆನಾ?” ಎಂದಿತು ಫೋನು.

ಸಾಹೇಬರ ಮುಖ ಬಿಳಿಚಿತು. “ಅಲ್ಲ ಸರ್... ಅದು... ಝರಿ ಸರ್. ಬೆಟ್ಟದ ಝರಿ.”

“ಪುಣ್ಯವಂತರು ಕಣ್ರೀ ನೀವು. ಒಳ್ಳೇ ರಭಸ ಇದೆ. ಹತ್ರಾನೇ ನಿಂತಿದೀರಾ?”

“ತೀರಾ ಹತ್ರ ಸರ್.”

“ನಿಂತು ಹೋಗುತ್ತೆ ಅಂದ್ಕೊಂಡೆ, ಇನ್ನೂ ಹರೀತಾನೇ ಇದೆಯಲ್ರೀ!”

“ಈ ವರ್ಷ ನೀರು ಚೆನ್ನಾಗಿದೆ ಸರ್” ಎಂದರು ಸಾಹೇಬರು. ಹೇಳುತ್ತ ಹೇಳುತ್ತ ಒಂದು ಕಾಲೆತ್ತಿದರು. ಆಮೇಲೆ ಇನ್ನೊಂದನ್ನೂ ಎತ್ತಲು ನೋಡಿದರು. ಇಳಿಜಾರಿನಲ್ಲಿ ಹರಿಯುವುದು ತನ್ನ ದಾರಿ ತಾನು ಹಿಡಿಯುತ್ತದೆಂದು ನಾನು ಮೊದಲೇ ಹೇಳಿದ್ದೆ.

ಆಗ ಭಾವನ ಮೂಗು ಒಮ್ಮೆ ಅರಳಿತು. ಇನ್ನೊಮ್ಮೆ ಅರಳಿತು. ಅವರು ನೆಲ ನೋಡಿದರು, ಸಾಹೇಬರ ಬರಿಗಾಲು ನೋಡಿದರು, ಸಾಲಾಗಿ ನಿಂತಿದ್ದ ನಮ್ಮ ಮುಖ ನೋಡಿದರು. ಸಂಜೆಯೆಲ್ಲ ಆಡಿದ ತಮ್ಮ ಒಂದೊಂದು ಮಾತೂ ನೆನಪಾಗಿ, ಮುಖದ ಮೇಲೆ ಒಂದೊಂದಾಗಿ ಬಂದು ಹೋಯಿತು.

“ಸಾರ್” ಎಂದರು ಮೆಲ್ಲಗೆ. “ಬೂಟು ಹಾಕ್ಕೊಂಡುಬಿಡಿ.”

ಬಡ್ತಿ ಸಿಗಲಿಲ್ಲ, ಇನ್ನೊಂದು ವರ್ಷ ಅಲ್ಲೇ ಇರಿ ಎಂದು ಹೇಳಿ ಫೋನು ಸತ್ತಿತು. ಅಂದರೆ ಈ ಕಾಲುಗಳನ್ನು ಮರೆಯದ ಸಾಹೇಬರು ಇನ್ನೊಂದು ವರ್ಷ ಭಾವನ ತಲೆಯ ಮೇಲೆಯೇ ಇರುತ್ತಾರೆ. ಅವರು ತೊರೆಯ ಕಡೆ ಓಡಿದರು. ಗೈಡು ಅಡ್ಡ ನಿಂತು, “ಅಲ್ಲಿ ಕಾಲು ತೊಳೀಬೇಡಿ ಸಾರ್, ಕುಡಿಯೋ ನೀರು” ಎಂದು ಕೈಗೊಂದು ಬಕೆಟ್ಟು ಕೊಟ್ಟ. ಅಜ್ಜಿ ಮಗನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. “ಹುಟ್ಟಿದಾಗ ನೀನು ನನ್ನ ಮಡಿಲಲ್ಲಿ ದಿನಾ ಮಾಡ್ತಿದ್ದೆ. ನಾನೇನು ಹೀಗೆ ಕುಣಿದ್ನಾ?” ಎಂದು ಹೇಳಿ ತಮ್ಮ ಸರದಿಗೆ ಬಂಡೆಯ ಹಿಂದೆ ಹೋದರು.

ಭಾವ ಅಕ್ಕನ ಮುಂದೆ ಬಂದು ನಿಂತರು. “ಹಾಗಾದ್ರೆ... ಎತ್ತರ?”

“ಎತ್ತರಕ್ಕೇನಾಗಿದೆ? ಬಾಯಾರಿಕೆ ರೀ ಅದು. ಪ್ರತಿ ಸಲವೂ ಬಾಯಾರಿಕೆ.”

“ಆ ಕೋಟೆಗೆ ಹೋದಾಗ?”

“ಹೂಂ.”

“ಮದುವೆ ಆದ ವರ್ಷ, ದೀಪಸ್ತಂಭದ ಮೆಟ್ಟಿಲು ಹತ್ತುವಾಗ?”

“ಆಗಲೂ. ನೀವು ಮೇಲಿಂದ ಕೈ ಬೀಸಿದ್ರಿ. ನಾನು ಕೆಳಗೆ ಹಲ್ಲು ಕಚ್ಕೊಂಡು ಕೂತಿದ್ದೆ.”

ಭಾವನನ್ನು ಕಂಡು ನನಗೆ ಕನಿಕರವಾಯಿತು. ಬಹಳವೇನಲ್ಲ, ಒಂದು ಚಮಚದಷ್ಟು. ಕತ್ತಲಾಗುವ ಮೊದಲು ಅವರು ಲೈನ್‌ಮನ್‌ಗಳನ್ನು ಕರೆದು, ಬಂಡೆಗೆ ಆನಿಸಿ ನಾಲ್ಕು ಕೋಲು ನೆಟ್ಟು, ತಮ್ಮ ಡೇರೆಯ ಮೇಲಿನ ಟಾರ್ಪಾಲು ಬಿಚ್ಚಿಸಿ ಬಿಗಿಯಾಗಿ ಕಟ್ಟಿಸಿದರು. ಅಷ್ಟು ಚೊಕ್ಕಟವಾದ ಕೆಲಸವನ್ನು ಯಾವ ರಸ್ತೆಯಲ್ಲೂ ಅವರು ಮಾಡಿರಲಿಲ್ಲ. ಕೊನೆಗೆ ಒಂದು ರಟ್ಟಿನ ಮೇಲೆ ಇದ್ದಿಲಿನಲ್ಲಿ ‘ಕೆಲಸ ನಡೆಯುತ್ತಿದೆ, ಸಹಕರಿಸಿ’ ಎಂದು ಬರೆದು ಎದುರಿಗೆ ನಿಲ್ಲಿಸಿದರು. ಆ ರಾತ್ರಿ ಲೆಕ್ಕದ ಮೇಡಂ ಒಬ್ಬರೇ ಮೂರು ಲೋಟ ಚಹಾ ಕುಡಿದರು. ಡೇರೆಗೆ ಹೊದಿಕೆಯಿಲ್ಲದೆ ಇಬ್ಬನಿಯಲ್ಲಿ ನೆನೆದು ಮಲಗಿದ್ದು ಭಾವ.

ಮರುದಿನ ಮಬ್ಬಿನಲ್ಲೇ ಹತ್ತಿದೆವು. ಅಕ್ಕ ದಾರಿಯುದ್ದಕ್ಕೂ ನೀರು ಕುಡಿಯುತ್ತ ಎಲ್ಲರಿಗಿಂತ ಮೊದಲು ತುದಿ ತಲುಪಿದಳು. ಅವಳ ಬಾಟಲಿ ಹೊತ್ತು ಹಿಂದೆ ಹಿಂದೆ ಬಂದವರು ಭಾವ. ತುದಿಯಲ್ಲಿ ಅಂಗಳದಷ್ಟು ಚಪ್ಪಟೆ ಜಾಗ. ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ಫೋನು ಹಿಡಿದು ಕೂತರು. ಆಕಾಶ ಕೆಂಪೇರತೊಡಗಿತು. ಇನ್ನೇನು ಸೂರ್ಯ ಇಣುಕಬೇಕು, ಅಕ್ಕ ಭಾವನ ತೋಳು ಮುಟ್ಟಿದಳು.

“ರೀ.”

ಭಾವ ಫೋನು ಜೇಬಿಗಿಟ್ಟು, ಚೀಲದಿಂದ ಬೆಡ್‌ಶೀಟು ತೆಗೆದರು. ಅಲ್ಲಿ ಮರೆಯಿದ್ದದ್ದು ಪೂರ್ವದ ಅಂಚಿನಲ್ಲಿ, ಒಂದು ಮೆಟ್ಟಿಲಿನಷ್ಟು ಕೆಳಗೆ ಮಾತ್ರ. ಅಕ್ಕ ಅಲ್ಲಿಗಿಳಿದಳು. ಒಂದು ತುದಿ ಭಾವ, ಒಂದು ತುದಿ ನಾನು ಹಿಡಿದು, ಬೆಡ್‌ಶೀಟನ್ನು ಅಗಲಕ್ಕೆ ಎತ್ತಿ ನಿಂತೆವು. ಭಾವನ ಮುಖ ಪಶ್ಚಿಮಕ್ಕೆ, ಬೆನ್ನು ಸೂರ್ಯನಿಗೆ. ಅಲ್ಲಿ ಕೂತಿದ್ದವರಿಗೆ ಕಂಡದ್ದು ಬೆಳಕು ತುಂಬಿದ ದೊಡ್ಡ ದೊಡ್ಡ ನೀಲಿ ಹೂಗಳು ಮಾತ್ರ.

“ಏಯ್ ಮೇಸ್ತ್ರಿ!” ಸಾಹೇಬರು ಕೂಗಿದರು. “ಸೂರ್ಯ ಬಂದ ಕಣಯ್ಯಾ! ಆ ಬಟ್ಟೆ ಇಳಿಸು!”

“ಆಗಲ್ಲ ಸಾರ್.”

“ಏನಂದೆ?”

ಗಾಳಿ ಬೆಡ್‌ಶೀಟನ್ನು ಎಳೆದಾಡುತ್ತಿತ್ತು. ಭಾವ ಅದನ್ನು ಇನ್ನೂ ಎತ್ತರಕ್ಕೆ ಹಿಡಿದರು. “ಕೆಲಸ ನಡೀತಾ ಇದೆ ಸಾರ್. ಸಹಕರಿಸಿ.”

ಸಾಹೇಬರು ಬಾಯಿ ತೆರೆದರು. ಅಜ್ಜಿ ಕೋಲಿನಿಂದ ಅವರ ಕಾಲು ತಟ್ಟಿದರು. ಅವರು ಬಾಯಿ ಮುಚ್ಚಿಕೊಂಡರು.

ಸ್ವಲ್ಪ ಹೊತ್ತಾದ ಮೇಲೆ ಭಾವ ತಲೆ ತಿರುಗಿಸದೆ ಕೇಳಿದರು, “ಆಯ್ತಾ?”

ನಾನು ಬೆಡ್‌ಶೀಟಿನ ಅಂಚಿನಿಂದ ಇಣುಕಿದೆ. ಅಕ್ಕನದು ಯಾವಾಗಲೋ ಮುಗಿದಿತ್ತು. ಲಂಗ ಸರಿಪಡಿಸಿಕೊಂಡು, ಒಂದು ಕಲ್ಲಿನ ಮೇಲೆ ಕೂತು, ಗಲ್ಲಕ್ಕೆ ಕೈಯಾನಿಸಿ, ಎದುರಿಗೆ ಪೂರ್ತಿ ಮೇಲೆದ್ದಿದ್ದ ಸೂರ್ಯನನ್ನು ಒಬ್ಬಳೇ ನೋಡುತ್ತಿದ್ದಳು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

“ಇನ್ನೂ ಇಲ್ಲ ರೀ” ಎಂದಳು. “ಹಿಡ್ಕೊಂಡಿರಿ.”